ಬೇರೆ ಡೋಜೋಗೆ ಹೋಗುವಾಗ ಕೈಯಲ್ಲೇನಿರಬೇಕು?

ಪ್ರಶ್ನೆ: ನಾನು ಮೈಸೂರಿನವಳು. ಕೆಲಸದ ನಿಮಿತ್ತ ಟೋಕಿಯೋದ ನಿಶಿಕಸಾಯ್‌ನಲ್ಲಿದ್ದೇನೆ. ಮನೆ ಹತ್ತಿರದ ಕ್ರೀಡಾಭವನದಲ್ಲಿ ನಡೆಯುವ ಕೆಂಡೋ (ಜಪಾನಿ ಕತ್ತಿವರಸೆ) ತರಗತಿಗೆ ಸೇರಿ ಹೋದ ವರ್ಷ ಮೊದಲ ದಾನ್ (ದರ್ಜೆ) ಪಾಸು ಮಾಡಿಕೊಂಡೆ. ಮೇ ತಿಂಗಳ ರಜೆಯಲ್ಲಿ ಗಂಡನ ಜೊತೆ ಕ್ಯೋಟೋಗೆ ಹೋಗುತ್ತಿದ್ದೇನೆ. ನಮ್ಮ ಸೆನ್‌ಸೇಯವರ ಹಳೆಯ ಸಹಪಾಠಿ ಅಲ್ಲೊಂದು ಡೋಜೋ (ಅಭ್ಯಾಸಶಾಲೆ) ನಡೆಸುತ್ತಾರೆ, "ಹೋಗಿ ಒಂದು ಸಂಜೆ ಅಭ್ಯಾಸ ಮಾಡಿ ಬಾ" ಎಂದಿದ್ದಾರೆ. ಉಡುಗೊರೆ ಒಯ್ಯಬೇಕಂತೆ. ಏನು ಒಯ್ಯಲಿ, ಯಾರ ಕೈಗೆ ಕೊಡಲಿ, ಯಾವಾಗ ಕೊಡಲಿ? ಊರಿಂದ ತಂದ ಮೈಸೂರುಪಾಕು ಆಗುತ್ತದೆಯೆ? ನಾನು ಅಲ್ಲಿ ತಪ್ಪಿ ನಡೆದರೆ ನಮ್ಮ ಗುರುಗಳಿಗೆ ಕೆಟ್ಟ ಹೆಸರು ಬರುತ್ತದಲ್ಲ ಎನ್ನುವುದೇ ಭಯ.
— ಟೋಕಿಯೋದಿಂದ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದ ಕೊನೆಯ ವಾಕ್ಯದಿಂದಲೇ ಶುರುಮಾಡುತ್ತೇನೆ, ಏಕೆಂದರೆ ಉಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರ ಅದರೊಳಗೇ ಇದೆ. ಸೊಂಟಕ್ಕೆ ಕಟ್ಟುವ 'ತರೆ'ಯ ನಡುಪಟ್ಟಿಗೆ ಹೆಸರಿನ ಚೀಲವೊಂದನ್ನು ತೊಡಿಸುತ್ತೀರಲ್ಲ, ಅದರ ಮೇಲುಗಡೆ ನಿಮ್ಮ ಡೋಜೋದ ಹೆಸರಿರುತ್ತದೆ, ಕೆಳಗೆ ದೊಡ್ಡಕ್ಷರದಲ್ಲಿ ನಿಮ್ಮ ಹೆಸರು. ನೀವು ಮುಖವಾಡ ಹಾಕಿಕೊಂಡ ಮೇಲೆ ಎದುರಿನವರಿಗೆ ಕಾಣುವ ಗುರುತು ಅದೊಂದೇ. ಸಂಜೆಯೆಲ್ಲ ಕ್ಯೋಟೋದವರು ನೋಡುವುದು ಇಂಥ ಗುರುವಿನ ಶಿಷ್ಯೆ ಹೇಗೆ ನಿಲ್ಲುತ್ತಾಳೆ, ಹೇಗೆ ಕೂರುತ್ತಾಳೆ, ಹೇಗೆ ಹೊಡೆಯುತ್ತಾಳೆ ಎಂಬುದನ್ನು. ಮಿಠಾಯಿ ಪೆಟ್ಟಿಗೆ ಆ ಹೆಸರಿನ ಜೊತೆ ಹೋಗುವ ಒಂದು ಸಣ್ಣ ವಸ್ತು ಅಷ್ಟೆ. ಅದನ್ನು ಮರೆಯದೆ ಒಯ್ಯಬೇಕು ನಿಜ, ಆದರೆ ನಿಮ್ಮ ಆತಂಕದ ಹೆಚ್ಚಿನ ಪಾಲು ಅದಕ್ಕೇ ಖರ್ಚಾಗಬಾರದು.

ಹೀಗೆ ಬೇರೆ ಕಡೆಗೆ ಹೋಗಿ ಅಭ್ಯಾಸ ಮಾಡುವುದಕ್ಕೆ ಜಪಾನಿನಲ್ಲಿ 'ದೆಗೇಕೊ' ಎನ್ನುತ್ತಾರೆ. ಸುಮೋ ಮಲ್ಲರೂ ಇದೇ ಪದ ಬಳಸುತ್ತಾರೆ. ಸಿನಿಮಾ ನೋಡಿದವರಿಗೆ ಬೇರೆ ಡೋಜೋಗೆ ಕಾಲಿಡುವುದೆಂದರೆ ಸವಾಲು ಹಾಕಿ, ಎಲ್ಲರನ್ನೂ ಸೋಲಿಸಿ, ಬಾಗಿಲ ಮೇಲಿನ ಹಲಗೆ ಕಿತ್ತುಕೊಂಡು ಹೋಗುವ ದೃಶ್ಯ ನೆನಪಾಗುತ್ತದೆ. ನಿಜವಾದ ಚರಿತ್ರೆ ಅದಕ್ಕಿಂತ ಬಹಳ ಸೌಮ್ಯವಾಗಿದೆ. ಸಾಗಾ ಸಂಸ್ಥಾನದ ಮುತಾ ಬುನ್ನೊಸುಕೆ ಎಂಬ ಯುವ ಸಮುರಾಯ್ 1853ರಲ್ಲಿ ಊರು ಬಿಟ್ಟು ಎರಡು ವರ್ಷ ಜಪಾನಿನ ಉದ್ದಗಲಕ್ಕೂ ಕತ್ತಿವರಸೆಯ ಅಭ್ಯಾಸಕ್ಕೆಂದೇ ತಿರುಗಿದ, ದಿನಚರಿ ಬರೆದಿಟ್ಟ. ಆ ದಿನಚರಿಯ ಪ್ರಕಾರ ಇಂಥ ಪ್ರಯಾಣಿಕರಿಗೆಂದೇ ಸಂಸ್ಥಾನಗಳಲ್ಲಿ ಗೊತ್ತಾದ ವಸತಿಗೃಹಗಳಿದ್ದವು, ಖರ್ಚನ್ನು ಆತಿಥೇಯ ಸಂಸ್ಥಾನವೇ ನೋಡಿಕೊಳ್ಳುತ್ತಿತ್ತು. ಬಂದವನು ಮೊದಲು ತನ್ನ ಊರು, ಪಂಥ, ಗುರುವಿನ ಹೆಸರು ತಿಳಿಸುತ್ತಿದ್ದ, ಆತಿಥೇಯರಿಂದ ಒಪ್ಪಿಗೆ ಬಂದ ಮೇಲೆ ಡೋಜೋಗೆ ಹೋಗುತ್ತಿದ್ದ. ಅಲ್ಲಿ ನಡೆಯುತ್ತಿದ್ದದ್ದು ಬಹುಪಾಲು ಸೋಲುಗೆಲುವಿನ ಪಂದ್ಯವಲ್ಲ, ಸ್ಥಳೀಯರ ಜೊತೆ ಬೆರೆತು ಮಾಡುವ ಅಭ್ಯಾಸ. ಸಂಜೆ ಅದೇ ಜನ ಅವನ ಬಿಡಾರಕ್ಕೆ ಸಾಕೆ ಹಿಡಿದುಕೊಂಡು ಬರುತ್ತಿದ್ದರು, ಹೊರಡುವ ದಿನ ಊರ ಹೊರಗಿನವರೆಗೂ ಬಂದು ಬೀಳ್ಕೊಡುತ್ತಿದ್ದರು. ನೀವು ಮೇ ತಿಂಗಳಲ್ಲಿ ಮಾಡಹೊರಟಿರುವುದು ಇದನ್ನೇ. ನಿಮ್ಮನ್ನು ಅಳೆದು ತೂಗಲು ಅಲ್ಲಿ ಯಾರೂ ಕಾಯುತ್ತಿರುವುದಿಲ್ಲ. ಬಂದವರ ಜೊತೆ ಶಿನಾಯ್ (ಬಿದಿರಿನ ಕತ್ತಿ) ತಾಗಿಸಲು ಅವರಿಗೂ ಆಸೆ ಇರುತ್ತದೆ.

ಕ್ರಮವಾಗಿ ಹೇಳುವುದಾದರೆ, ಮೊದಲ ಕೆಲಸ ಉಡುಗೊರೆ ಕೊಳ್ಳುವುದಲ್ಲ, ಪತ್ರ ಬರೆಯುವುದು. ನಿಮ್ಮ ಸೆನ್‌ಸೇ ಬಾಯಿಮಾತಿನಲ್ಲಿ ಹೋಗಿ ಬಾ ಎಂದಿದ್ದಾರೆ. ಅವರು ಆ ಸ್ನೇಹಿತರಿಗೆ ಒಂದು ಮಾತು ತಿಳಿಸಿದ್ದಾರೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಆಮೇಲೆ ನೀವೇ ಒಂದು ಚಿಕ್ಕ ಇಮೇಲ್ ಬರೆಯಿರಿ: ನಿಮ್ಮ ಹೆಸರು, ಡೋಜೋ, ದಾನ್, ಯಾರ ಮೂಲಕ ಬರುತ್ತಿದ್ದೀರಿ, ಯಾವ ದಿನ. ಶುಲ್ಕವೆಷ್ಟು, ಬಟ್ಟೆ ಬದಲಿಸಲು ಜಾಗವಿದೆಯೆ, ಗಂಡ ಬಂದು ನೋಡಬಹುದೆ ಎಂಬುದನ್ನೂ ಅದರಲ್ಲೇ ಕೇಳಿಬಿಡಿ. ದಿನ ಗೊತ್ತುಮಾಡುವಾಗ ಒಂದು ವಿಷಯ ನೆನಪಿರಲಿ. ಪ್ರತಿ ವರ್ಷ ಮೇ ತಿಂಗಳ ಆರಂಭದಲ್ಲಿ ಕ್ಯೋಟೋದ ಬುತೊಕುದೆನ್‌ನಲ್ಲಿ ಕೆಂಡೋದ ದೊಡ್ಡ ಕೂಟ ನಡೆಯುತ್ತದೆ. 1899ರಲ್ಲಿ ಕಟ್ಟಿದ ಮರದ ಭವನ ಅದು, ಹೇಯನ್ ದೇಗುಲದ ಪಕ್ಕದಲ್ಲೇ ಇದೆ. ಆರನೇ ದಾನ್ ದಾಟಿ ಬಿರುದು ಪಡೆದವರು ಒಬ್ಬೊಬ್ಬರು ಒಂದೊಂದೇ ಪಂದ್ಯ ಆಡುತ್ತಾರೆ, ಕೊನೆಗೆ ಚಾಂಪಿಯನ್ ಎಂದು ಯಾರೂ ಇರುವುದಿಲ್ಲ. ಎಂಟನೇ ದಾನ್ ಪರೀಕ್ಷೆಯೂ ಆ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ನಲವತ್ತಾರು ವಯಸ್ಸಾಗದೆ, ಏಳನೇ ದಾನ್ ಆಗಿ ಹತ್ತು ವರ್ಷ ಕಳೆಯದೆ ಕೂರಲಾಗದ ಪರೀಕ್ಷೆ. ನೂರಕ್ಕೆ ಒಬ್ಬರು ತೇರ್ಗಡೆಯಾದರೆ ಹೆಚ್ಚು. ನಿಮ್ಮ ಆತಿಥೇಯರು ಆ ದಿನಗಳಲ್ಲಿ ಅಲ್ಲೇ ಇರಬಹುದು, ಡೋಜೋಗೆ ಬೀಗ ಬಿದ್ದಿರಬಹುದು. ಹೋದ ಮೇಲೆ ನೀವಂತೂ ಆ ಭವನದ ಕಡೆ ಹೋಗದೆ ಬರಬೇಡಿ. ಬಿಳಿಗೂದಲಿನವರು ಅಲ್ಲಿ ನಿಲ್ಲುವ ರೀತಿ ನೋಡಿದರೆ ಒಂದು ವರ್ಷದ ಪಾಠವಾಗುತ್ತದೆ.

ಈಗ ಉಡುಗೊರೆ. ಇದಕ್ಕೆ 'ತೆಮಿಯಾಗೆ' ಎನ್ನುತ್ತಾರೆ, ಅಂದರೆ ಹೋಗುವಾಗ ಕೈಯಲ್ಲಿ ಹಿಡಿದು ಹೋಗುವ ತಿಂಡಿ. ಒಬ್ಬರಿಗಲ್ಲ, ಇಡೀ ಡೋಜೋಗೆ ಕೊಡುವಂಥದ್ದು. ಹಾಗಾಗಿ ಆರಿಸುವಾಗ ಹಂಚುವವರ ಕಷ್ಟ ಯೋಚಿಸಿ. ಅಭ್ಯಾಸ ಮುಗಿದು ಬೆವರಿಳಿಯುತ್ತಿರುವ ಜನ, ತಟ್ಟೆ ಚಾಕು ಏನೂ ಇಲ್ಲದ ಜಾಗ, ಮನೆಗೆ ಹೊರಡುವ ಗಡಿಬಿಡಿ. ಒಂದೊಂದಾಗಿ ಕಾಗದ ಸುತ್ತಿದ, ಫ್ರಿಜ್ ಬೇಡದ, ಕೆಲವು ವಾರ ಕೆಡದ ಬಿಸ್ಕತ್ತು, ಸೆಂಬೇ, ಪುಟ್ಟ ಕೇಕ್ ಇಂಥವು ಸರಿ. ಆಗಲೇ ತಿನ್ನದವರು ಬ್ಯಾಗಿಗೆ ಹಾಕಿಕೊಂಡು ಹೋಗಬಹುದು, ಬಾರದವರಿಗೆ ಎತ್ತಿಡಬಹುದು. ಬೀನ್ಸ್ ಸಕ್ಕರೆ ಹಾಕಿ ಮಾಡುವ ಯೋಕನ್ ಗೌರವದ ಸಿಹಿಯೇ, ಆದರೆ ಉದ್ದನೆಯ ಇಟ್ಟಿಗೆಯಂಥದ್ದನ್ನು ಕೊಟ್ಟರೆ ಯಾರೋ ಒಬ್ಬರು ಕೊಯ್ಯುತ್ತ ಕೂರಬೇಕಾಗುತ್ತದೆ. ಬೆರಳುದ್ದದ ತುಂಡುಗಳಾಗಿ ಪ್ಯಾಕ್ ಮಾಡಿದ್ದು ಸಿಗುತ್ತದೆ, ಅದನ್ನು ಕೊಳ್ಳಿ. ಎಷ್ಟು ಜನ ಬರುತ್ತಾರೆಂದು ಊಹಿಸಿ, ಅದಕ್ಕಿಂತ ಹೆಚ್ಚು ತುಂಡುಗಳಿರುವ ಪೆಟ್ಟಿಗೆ ತೆಗೆದುಕೊಳ್ಳಿ. ಮಕ್ಕಳ ತರಗತಿ ಮೊದಲು ನಡೆಯುತ್ತಿದ್ದರೆ ಅವರೂ ಲೆಕ್ಕಕ್ಕೆ ಬರುತ್ತಾರೆ.

ಬೆಲೆ 1,500ರಿಂದ 3,000 ಯೆನ್ ಒಳಗಿದ್ದರೆ ಸಾಕು. ದುಬಾರಿ ವಸ್ತು ಕೊಟ್ಟರೆ ತಿರುಗಿ ಏನಾದರೂ ಕೊಡಲೇಬೇಕೆಂಬ ಭಾರ ಅವರ ಮೇಲೆ ಬೀಳುತ್ತದೆ. ಆ ಸಂಜೆ ಅವರು ನಿಮಗೆ ಕೊಡುವುದು ಸಮಯ ಮತ್ತು ಅನುಭವ. ಅದಕ್ಕೆ ಬೆಲೆ ಕಟ್ಟಿದಂತೆ ಕಾಣಬಾರದು. ತಿಂಡಿಯನ್ನು ಟೋಕಿಯೋದಲ್ಲೇ ಕೊಂಡು ಒಯ್ಯಿರಿ. ಕ್ಯೋಟೋ ನಿಲ್ದಾಣದಲ್ಲಿ ಇಳಿದು ಕೊಂಡ ಪೆಟ್ಟಿಗೆಯ ಮೇಲೆ ಅಲ್ಲಿನ ಅಂಗಡಿಯ ಹೆಸರೇ ಇರುತ್ತದೆ, ಅವರ ಊರಿನ ತಿಂಡಿಯನ್ನು ಅವರಿಗೇ ಕೊಟ್ಟಂತಾಗುತ್ತದೆ. ಅದರಲ್ಲೂ ಸಿಹಿತಿಂಡಿಯ ವಿಷಯದಲ್ಲಿ ಕ್ಯೋಟೋದವರ ಜೊತೆ ಸ್ಪರ್ಧೆ ಬೇಡ.

ಮೈಸೂರುಪಾಕಿನ ಬಗ್ಗೆ ಕೇಳಿದ್ದೀರಿ. ಊರಿನ ಅಭಿಮಾನ ನನಗೂ ಇದೆ, ಆದರೂ ಡೋಜೋಗೆ ಒಯ್ಯುವ ಮುಖ್ಯ ಪೆಟ್ಟಿಗೆಯಾಗಿ ಅದು ಬೇಡ ಎನ್ನುತ್ತೇನೆ. ತುಪ್ಪ ಕೈಗೆ ಮೆತ್ತುತ್ತದೆ, ಪೆಟ್ಟಿಗೆಯಿಂದ ಕಾಗದಕ್ಕೆ ಇಳಿಯುತ್ತದೆ. ಸಿಹಿ ಕಡಿಮೆ ತಿನ್ನುವ ನಾಲಿಗೆಗೆ ಒಂದು ತುಂಡೂ ಹೆಚ್ಚಾಗುತ್ತದೆ. ಇನ್ನೂ ಮುಖ್ಯವಾದ ಕಾರಣ ಮಕ್ಕಳು. ಹಾಲು, ಮೊಟ್ಟೆ, ಗೋಧಿ, ಶೇಂಗಾದಂಥ ಅಲರ್ಜಿಯ ವಸ್ತುಗಳನ್ನು ಪೊಟ್ಟಣದ ಮೇಲೆ ಬರೆಯಲೇಬೇಕೆಂದು ಜಪಾನಿನ ಕಾನೂನಿದೆ, ತಾಯಂದಿರು ಅದನ್ನು ಓದಿಯೇ ಮಕ್ಕಳ ಕೈಗೆ ಕೊಡುತ್ತಾರೆ. ಜಪಾನಿ ಅಕ್ಷರವೇ ಇಲ್ಲದ ಪೊಟ್ಟಣ ಮುಂದಿಟ್ಟರೆ ಅವರು ಬೇಡವೆನ್ನಲೂ ಆರರು, ಕೊಡಲೂ ಆರರು. ಮೈಸೂರಿನದೇ ಏನಾದರೂ ಕೊಡಬೇಕೆಂಬ ಆಸೆಯಿದ್ದರೆ ಹಿರಿಯ ಸೆನ್‌ಸೇಗೆ ಪ್ರತ್ಯೇಕವಾಗಿ, ಚಿಕ್ಕದಾಗಿ ಕೊಡಿ. ಶ್ರೀಗಂಧದ ಪರಿಮಳವನ್ನು ಜಪಾನಿನವರು ಧೂಪದ ಮೂಲಕ ಶತಮಾನಗಳಿಂದ ಬಲ್ಲರು, ಅದರ ಹೆಸರು ಹೇಳಿದರೆ ಮುಖ ಅರಳುತ್ತದೆ. ಹುರಿದು ಪುಡಿಮಾಡಿದ ಚಿಕ್ಕಮಗಳೂರಿನ ಕಾಫಿಯೂ ಚೆನ್ನ, ಚಿಕೋರಿ ಬೆರೆಸದ್ದು ನೋಡಿ ತೆಗೆದುಕೊಳ್ಳಿ. ಇಂಥದ್ದನ್ನು ಎಲ್ಲರೆದುರು ಕೊಡದೆ, ಅಭ್ಯಾಸ ಮುಗಿದು ಮಾತಿಗೆ ಕುಳಿತಾಗ ಕೊಡಿ. ನಿಮ್ಮ ಸೆನ್‌ಸೇ ತಮ್ಮ ಸ್ನೇಹಿತರಿಗೆ ಏನಾದರೂ ಕಳಿಸುವುದಿದ್ದರೆ ಅದನ್ನೂ ಕೇಳಿ ಒಯ್ಯಿರಿ. ಮದ್ಯದ ಬಾಟಲಿ ಮೊದಲ ಭೇಟಿಗೆ ಬೇಡ. ನಾಲ್ಕು ಮತ್ತು ಒಂಬತ್ತರ ಸಂಖ್ಯೆಯಲ್ಲಿ ಯಾವುದನ್ನೂ ಕೊಡಬೇಡಿ, ಅಲ್ಲಿ ಅವು ಅಶುಭ.

ಎಲ್ಲಕ್ಕಿಂತ ನನಗೆ ಇಷ್ಟವಾದ ಉಡುಗೊರೆ ತೆನುಗುಯಿ. ಮುಖವಾಡದೊಳಗೆ ತಲೆಗೆ ಕಟ್ಟುವ ಆ ಹತ್ತಿ ಬಟ್ಟೆಯನ್ನು ಡೋಜೋಗಳು ತಮ್ಮದೇ ಬರಹ ಅಚ್ಚು ಹಾಕಿಸಿ ಒಬ್ಬರಿಗೊಬ್ಬರು ಕೊಡುತ್ತಾರೆ. ಸುಮಾರು ಮೂವತ್ತೈದು ಸೆಂಟಿಮೀಟರ್ ಅಗಲ, ತೊಂಬತ್ತು ಉದ್ದ. ನಿಮ್ಮ ಡೋಜೋದ್ದು ಇದ್ದರೆ ಒಂದೆರಡು ಕೇಳಿ ಪಡೆದುಕೊಂಡು ಹೋಗಿ. ಅವರು ತಮ್ಮದನ್ನು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ, ಮುಂದೆ ಅಲ್ಲಿಗೆ ಹೋದಾಗ ಅದನ್ನೇ ಕಟ್ಟಿಕೊಳ್ಳಿ.

ಕೊಡುವ ವಿಧಾನ ಸರಳ. ಅಭ್ಯಾಸಕ್ಕೆ ಇಪ್ಪತ್ತು ನಿಮಿಷ ಮೊದಲೇ ತಲುಪಿರಿ. ಚಪ್ಪಲಿ ಬಿಟ್ಟು, ಮೂತಿ ಹೊರಗೆ ತಿರುಗಿಸಿಟ್ಟು, ಹೊಸ್ತಿಲಲ್ಲಿ ನಿಂತು ಮುಂಭಾಗಕ್ಕೆ ಬಾಗಿ ನಮಿಸಿ ಒಳಗೆ ಹೋಗಿ. ಅಲ್ಲಿ ಗೋಡೆಯ ಮೇಲೆ ಚಿಕ್ಕ ದೇವರ ಗೂಡು ಇರಬಹುದು. ಇನ್ನೊಂದು ಧರ್ಮದ ಪೂಜೆ ಮಾಡಿದಂತಾಯಿತೇ ಎಂದು ಕೆಲವರು ಹಿಂಜರಿಯುತ್ತಾರೆ. ನಮ್ಮ ಮೈಸೂರಿನ ಗರಡಿಮನೆಗೆ ಇಳಿಯುವ ಪೈಲ್ವಾನ ಯಾವ ಜಾತಿಮತದವನಾದರೂ ಮಟ್ಟಿಯ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುವುದಿಲ್ಲವೆ, ಈ ನಮಸ್ಕಾರವನ್ನೂ ಹಾಗೆಯೇ ತಿಳಿಯಿರಿ. ಒಳಗೆ ಹೋಗಿ ಹಿರಿಯ ಸೆನ್‌ಸೇ ಎದುರು ಮಂಡಿಯೂರಿ ಕುಳಿತು ಹೆಸರು, ಡೋಜೋ, ಗುರುಗಳ ಹೆಸರು ಹೇಳಿ, ಅವರ ನಮಸ್ಕಾರ ತಲುಪಿಸಿ. ತಿಂಡಿ ಪೆಟ್ಟಿಗೆಯನ್ನು ಕಾಗದದ ಚೀಲದಿಂದ ಹೊರಗೆ ತೆಗೆದು, ಬರಹ ಅವರಿಗೆ ನೇರವಾಗಿ ಕಾಣುವಂತೆ ತಿರುಗಿಸಿ, ಎರಡೂ ಕೈಯಲ್ಲಿ ಕೊಡಿ. "ಎಲ್ಲರೂ ತೆಗೆದುಕೊಳ್ಳಿ" ಎಂಬ ಒಂದು ಮಾತು ಸಾಕು. ಅವರಿನ್ನೂ ಬಂದಿರದಿದ್ದರೆ ನಿಮ್ಮನ್ನು ಬರಮಾಡಿಕೊಂಡವರ ಕೈಗೇ ಕೊಡಬಹುದು. ಅಲ್ಲೇ ಬಿಚ್ಚಲಿಲ್ಲವೆಂದು ಬೇಸರ ಬೇಡ, ಬಿಚ್ಚದಿರುವುದೇ ಅಲ್ಲಿನ ಮರ್ಯಾದೆ. ಶುಲ್ಕವಿದ್ದರೆ ಹಣವನ್ನು ಲಕೋಟೆಯಲ್ಲಿಟ್ಟು ಹೆಸರು ಬರೆದು ಕೊಡಿ.

ಪೆಟ್ಟಿಗೆಯ ಕಥೆ ಇಲ್ಲಿಗೆ ಮುಗಿಯಿತು. ಇನ್ನು ಮುಂದಿನ ಎರಡು ಗಂಟೆ ನೀವೇನು ಮಾಡುತ್ತೀರಿ ಎನ್ನುವುದನ್ನೇ ಅವರು ನೆನಪಿಟ್ಟುಕೊಳ್ಳುತ್ತಾರೆ.

ಅದಕ್ಕೆ ಸಿದ್ಧತೆಯಾಗಿ ಹಿಂದಿನ ರಾತ್ರಿಯೇ ಶಿನಾಯ್ ನೋಡಿ. ನಾಲ್ಕು ಬಿದಿರು ಪಟ್ಟಿಗಳಲ್ಲಿ ಒಂದು ಸಿಬಿರೆದ್ದಿದ್ದರೂ ಅದು ಎದುರಿನವರ ಮುಖವಾಡದ ಸರಳುಗಳ ನಡುವೆ ನುಗ್ಗಿ ಕಣ್ಣಿಗೆ ಹೊಕ್ಕೀತು. ಅತಿಥಿಯ ಶಿನಾಯ್‌ನಿಂದ ಮನೆಯವರಿಗೆ ಗಾಯವಾಗುವುದಕ್ಕಿಂತ ದೊಡ್ಡ ಅಮರ್ಯಾದೆ ಇನ್ನೊಂದಿಲ್ಲ. ಸ್ಪರ್ಧೆಯ ನಿಯಮದಂತೆ ವಯಸ್ಕ ಮಹಿಳೆಯರದು 120 ಸೆಂಟಿಮೀಟರ್ ಮೀರಬಾರದು, 440 ಗ್ರಾಂಗಿಂತ ಹಗುರ ಇರಬಾರದು. ಅಭ್ಯಾಸಕ್ಕೂ ಅದನ್ನೇ ಪಾಲಿಸಿ, ಎರಡು ಶಿನಾಯ್ ಒಯ್ಯಿರಿ. ಅಂಗಿ, ಕೆಳಗುಡುಪು 'ಹಕಾಮ' ಒಗೆದಿರಲಿ. ಮುಖವಾಡದ ದಾರಗಳು ಗಂಟಿನಿಂದಾಚೆ ನಲವತ್ತು ಸೆಂಟಿಮೀಟರ್ ಮೀರದೆ ಸಮವಾಗಿರಲಿ. ಮನೆಯಲ್ಲೇ ಬೇಗ ಕಟ್ಟುವುದನ್ನು ನಾಲ್ಕಾರು ಸಲ ರೂಢಿಸಿಕೊಳ್ಳಿ, ಏಕೆಂದರೆ ಎಲ್ಲರೂ ಕಟ್ಟಿ ಮುಗಿಸಿ ಎದ್ದು ನಿಂತ ಮೇಲೂ ಒಬ್ಬರೇ ದಾರ ಎಳೆಯುತ್ತಿದ್ದರೆ ಇಡೀ ಡೋಜೋ ಕಾಯಬೇಕು.

ಸಾಲಿನಲ್ಲಿ ಎಲ್ಲಿ ಕೂರಬೇಕೆಂದು ಕೇಳಿ. ಕೇಳಲು ಆಗದಿದ್ದರೆ ಕೆಳತುದಿಗೆ ಹೋಗಿ ಕುಳಿತುಕೊಳ್ಳಿ. "ಇಲ್ಲಿ ಬನ್ನಿ" ಎಂದು ಮೇಲಕ್ಕೆ ಕರೆಯಬಹುದು, ಒಮ್ಮೆ ಸಂಕೋಚ ತೋರಿಸಿ, ಎರಡನೇ ಸಲ ಕರೆದಾಗ ಎದ್ದು ಹೋಗಿ. ಹೆಚ್ಚು ಹಟ ಮಾಡಿದರೆ ಅದೂ ಅವರಿಗೆ ತೊಂದರೆ. ಸೆನ್‌ಸೇ ಮುಖವಾಡ ತೆಗೆಯುವವರೆಗೆ ನೀವು ತೆಗೆಯಬೇಡಿ. ನೆಲದ ಮೇಲಿಟ್ಟ ಶಿನಾಯ್ ಯಾರದೇ ಆಗಿರಲಿ ದಾಟಬೇಡಿ, ಅದನ್ನು ಊರುಗೋಲು ಮಾಡಿಕೊಂಡು ನಿಲ್ಲಬೇಡಿ. ಇವು ನಿಮಗೆ ಗೊತ್ತಿರುವಂಥವೇ.

ಗೊತ್ತಿದ್ದೂ ಹೊಸ ಜಾಗದಲ್ಲಿ ಮರೆಯುವಂಥದ್ದು ಇನ್ನೊಂದಿದೆ. ಮುಕ್ತ ಅಭ್ಯಾಸ ಶುರುವಾದೊಡನೆ ಗುರುತು ಪರಿಚಯವಿಲ್ಲದವರು ಗೋಡೆಯ ಬದಿಗೆ ಸರಿದು ನಿಂತುಬಿಡುತ್ತಾರೆ. ಇದು ವಿನಯವೆಂದು ಅವರು ಭಾವಿಸುತ್ತಾರೆ, ನೋಡುವವರಿಗೆ ಆಸಕ್ತಿಯಿಲ್ಲವೆಂದು ಕಾಣುತ್ತದೆ. ದೂರದಿಂದ ಬಂದವರು ನೀವು. ಓಡಿಹೋಗಿ ಹಿರಿಯ ಸೆನ್‌ಸೇ ಎದುರಿನ ಸಾಲಿನಲ್ಲೇ ಮೊದಲು ನಿಲ್ಲಿ. ಸರದಿ ಬಂದಾಗ ಏಟು ತಪ್ಪಿಸಿಕೊಳ್ಳುವ ಲೆಕ್ಕಾಚಾರ ಬಿಡಿ. ಮೊದಲ ದಾನ್‌ನವರಿಂದ ಹಿರಿಯರು ಬಯಸುವುದು ಜಾಣತನವಲ್ಲ, ಗಂಟಲು ಬಿಚ್ಚಿದ ಕೂಗು, ನೆಟ್ಟಗಿನ ಬೆನ್ನು, ಇಡೀ ಮೈ ಮುಂದಕ್ಕೆ ಎಸೆದು ತಲೆಗೆ ಹೊಡೆಯುವ ದೊಡ್ಡ 'ಮೆನ್'. ನೂರು ಸಲ ತಡೆದರೂ ನೂರೊಂದನೇ ಸಲ ಹೋಗಿ. ತಿಂಡಿ ಪೆಟ್ಟಿಗೆ ಎಂಥದ್ದೆಂದು ಮರುದಿನ ಯಾರಿಗೂ ನೆನಪಿರುವುದಿಲ್ಲ, ಆ ಹುಡುಗಿ ಉಸಿರು ಕಟ್ಟುವವರೆಗೂ ಬಂದು ಹೊಡೆದಳು ಎನ್ನುವುದು ನಿಮ್ಮ ಗುರುಗಳ ಕಿವಿಗೆ ಖಂಡಿತ ತಲುಪುತ್ತದೆ. ಅವರಿಗೆ ನೀವು ಕೊಡಬಹುದಾದ ಉಡುಗೊರೆ ಅದು.

ಪರಿಚಯವಿಲ್ಲದವರ ಮೇಲೆ ಗಂಟಲಿಗೆ ತಿವಿಯುವ 'ತ್ಸುಕಿ' ಪ್ರಯೋಗಿಸಬೇಡಿ. ನಿಮಗಿಂತ ಕಿರಿಯರು ಎದುರಾದರೆ ಪಾಠ ಹೇಳಲು ಹೋಗಬೇಡಿ, ಅದು ಅಲ್ಲಿನ ಗುರುಗಳ ಕೆಲಸ. ಅಭ್ಯಾಸ ಮುಗಿದ ಮೇಲೆ ನಿಮ್ಮೊಡನೆ ಆಡಿದ ಪ್ರತಿಯೊಬ್ಬ ಹಿರಿಯರ ಎದುರೂ ಹೋಗಿ ಕುಳಿತು ಧನ್ಯವಾದ ಹೇಳಿ. ಆಗ ಅವರು ಒಂದೆರಡು ಮಾತು ಹೇಳುತ್ತಾರೆ. ಅವುಗಳಲ್ಲಿ ಕೆಲವು ನಿಮ್ಮ ಸೆನ್‌ಸೇ ಕಲಿಸಿದ್ದಕ್ಕೆ ವಿರುದ್ಧವಾಗಿರಬಹುದು, ಎಡಗಾಲಿನ ಹಿಮ್ಮಡಿ ಎಷ್ಟು ಎತ್ತಬೇಕು, ಬಲಗೈ ಎಷ್ಟು ಸಡಿಲವಿರಬೇಕು ಇತ್ಯಾದಿ. "ನಮ್ಮಲ್ಲಿ ಹೀಗೆ ಹೇಳಿಕೊಟ್ಟಿಲ್ಲ" ಎನ್ನುವ ಮಾತು ಮಾತ್ರ ಬಾಯಿಂದ ಬರಬಾರದು. 'ಹಾಯ್', ಅಂದರೆ ಹೌದು ಎಂದು ಒಪ್ಪಿಕೊಂಡು, ಮನೆಗೆ ಬಂದು ಬರೆದಿಟ್ಟುಕೊಂಡು, ನಿಮ್ಮ ಗುರುಗಳನ್ನು ಕೇಳಿ. ಎರಡು ಮಾತೂ ಸರಿ ಎಂದು ಅವರು ಬಿಡಿಸಿ ಹೇಳುವ ಸಂದರ್ಭ ಬಂದೀತು, ಅದಕ್ಕಾಗಿಯೇ ನಿಮ್ಮನ್ನು ಕಳಿಸುತ್ತಿರುವುದು ಎಂದು ನನ್ನ ಊಹೆ.

ನೆಲ ಒರೆಸುವವರು ಬಟ್ಟೆ ತಂದರೆ ನೀವೂ ಒಂದು ತೆಗೆದುಕೊಳ್ಳಿ, ಬೇಡವೆಂದರೂ ಬಿಡಬೇಡಿ. ಫೋಟೋಗೆ ಮೊದಲು ಅನುಮತಿ ಕೇಳಿ, ಮಕ್ಕಳಿರುವ ಚಿತ್ರ ಎಲ್ಲಿಯೂ ಹಾಕಬೇಡಿ. ನಿಮ್ಮವರು ನೋಡಲು ಬಂದರೆ ಬದಿಯಲ್ಲಿ ಕೂರಲಿ, ಅಭ್ಯಾಸ ನಡೆಯುವ ಕಡೆಗೆ ಕಾಲು ಚಾಚದಿರಲಿ.

ಆಮೇಲೆ ಊಟಕ್ಕೆ ಕರೆಯುತ್ತಾರೆ. ಕೆಂಡೋ ಜನ ಅದನ್ನು ಪ್ರೀತಿಯಿಂದ 'ಎರಡನೇ ಡೋಜೋ' ಎನ್ನುತ್ತಾರೆ, ಅಭ್ಯಾಸದಲ್ಲಿ ಹೇಳಲಾಗದ ಮಾತೆಲ್ಲ ಅಲ್ಲಿ ಬರುತ್ತವೆ. ಸಾಧ್ಯವಿದ್ದರೆ ಹೋಗಿ. ನೀವು ಸಸ್ಯಾಹಾರಿಯಾಗಿದ್ದರೆ ಕರೆದಾಗಲೇ ತಿಳಿಸಿ. ತಟ್ಟೆ ಬಂದ ಮೇಲೆ ಹೇಳಿದರೆ ಕರೆದವರ ಮುಖ ಬಾಡುತ್ತದೆ. ಮೀನಿನ ಸಾರು ಇಲ್ಲದ ಅಡುಗೆ ಅಲ್ಲಿ ಕಷ್ಟ, ಎದಮಾಮೆ, ತಣ್ಣನೆಯ ತೋಫು, ಅನ್ನ ಸಿಗುತ್ತವೆ. ತೋಫು ಮೇಲೆ ಮೀನಿನ ಹೆರಕಲು ಉದುರಿಸುವುದುಂಟು, ಬೇಡವೆಂದು ಮೊದಲೇ ಹೇಳಿ. ಕುಡಿಯದಿದ್ದರೆ ಊಲಾಂಗ್ ಚಹಾದ ಲೋಟ ಎತ್ತಿ ಜೊತೆಗೂಡಿ, ಪಕ್ಕದವರ ಲೋಟ ಖಾಲಿಯಾದರೆ ನೀವು ತುಂಬಿಸಿ.

ಟೋಕಿಯೋಗೆ ಮರಳಿದ ಕೂಡಲೇ ಅಂಚೆ ಕಾರ್ಡಿನಲ್ಲಿ ಕೈಬರಹದ ನಾಲ್ಕು ಸಾಲು ಬರೆದು ಆ ಸೆನ್‌ಸೇಗೆ ಕಳಿಸಿ. ಅವರು ಹೇಳಿಕೊಟ್ಟ ಒಂದು ವಿಷಯವನ್ನು ಹೆಸರಿಸಿ ಬರೆಯಿರಿ, ಬರೀ ಧನ್ಯವಾದದ ಕಾರ್ಡಿಗಿಂತ ಅದು ಅವರಿಗೆ ಹೆಚ್ಚು ಸಂತೋಷ ಕೊಡುತ್ತದೆ. ಅದೇ ವಾರದ ತರಗತಿಯಲ್ಲಿ ನಿಮ್ಮ ಗುರುಗಳಿಗೆ ನಡೆದದ್ದನ್ನೆಲ್ಲ ವರದಿ ಮಾಡಿ, ಕ್ಯೋಟೋದಿಂದ ತಂದ ಒಂದು ಪೆಟ್ಟಿಗೆ ಸಿಹಿಯನ್ನು ನಿಮ್ಮ ಡೋಜೋದವರಿಗೂ ಹಂಚಿ. ಮುಂದೆ ಅಲ್ಲಿಂದ ಯಾರಾದರೂ ಟೋಕಿಯೋಗೆ ಬಂದರೆ ಬಾಗಿಲಲ್ಲಿ ಎದುರುಗೊಂಡು, ಬಟ್ಟೆ ಬದಲಿಸುವ ಜಾಗ ತೋರಿಸಿ, ಸಾಲಿನಲ್ಲಿ ಅವರ ಪಕ್ಕ ಕೂರುವ ಕೆಲಸ ನಿಮ್ಮದು.